ಅಣ್ಣನಿಗೆ ಪುಣ್ಯ, ಮಗನಿಗೆ ರಾಜ್ಯ: ಕಲ್ಮನೆ ಕಟ್ಟಿಸಿದ ಮಂಗಲೇಶನ ಕತೆ

ಗುಳೇದಗುಡ್ಡ: ಅದು ಆನೆಯೋ, ಎತ್ತೋ? ಬಾದಾಮಿಯ ಮೊದಲನೆಯ ಗುಹೆಯ ಮುಂದೆ ನಿಂತ ಪ್ರವಾಸಿಗರಲ್ಲಿ ಈ ವಾಗ್ವಾದ ಇಂದಿಗೂ ನಡೆಯುತ್ತದೆ. ತ್ರಿಶೂಲ ಹಿಡಿದ ದ್ವಾರಪಾಲಕನ ಕಾಲಡಿಯಲ್ಲಿ ಎರಡು ಪ್ರಾಣಿಗಳ ಮೈಗಳಿವೆ, ತಲೆ ಮಾತ್ರ ಒಂದೇ. ಒಂದು ಕಡೆಯ ಮೈಯನ್ನು ಕೈಯಿಂದ ಮರೆಮಾಡಿದರೆ ಆನೆ ಕಾಣುತ್ತದೆ. ಇನ್ನೊಂದನ್ನು ಮರೆಮಾಡಿದರೆ ಬಸವಣ್ಣ ಎದ್ದು ನಿಲ್ಲುತ್ತಾನೆ. ಒಂದರ ಸೊಂಡಿಲು, ದಂತಗಳೇ ಮತ್ತೊಂದರ ಮುಖದ ಗೆರೆಗಳಾಗಿ ಬದಲಾಗುತ್ತವೆ. ಗಜವೃಷಭ ಎಂದು ಕಲಾವಿಮರ್ಶಕರು ಕರೆಯುವ ಈ ಚಮತ್ಕಾರ ಮುಂದೆ ಹಂಪಿಯಲ್ಲಿಯೂ ತಮಿಳುನಾಡಿನ ದಾರಾಸುರಂನಲ್ಲಿಯೂ ಕಾಣಿಸಿಕೊಂಡಿತು. ಎರಡು ಜೀವಗಳು ಜಗಳವಿಲ್ಲದೆ ಒಂದೇ ತಲೆಯನ್ನು ಹಂಚಿಕೊಂಡ ದೃಶ್ಯವನ್ನು ಬಾದಾಮಿಯ ಕಲ್ಲುಕುಟಿಗ ಹದಿನಾಲ್ಕು ಶತಮಾನಗಳ ಹಿಂದೆಯೇ ಕಂಡಿದ್ದ.

ಇದೇ ಊರಿನಲ್ಲಿ, ಅದೇ ಕಾಲದಲ್ಲಿ, ಒಂದೇ ಮನೆಯ ಇಬ್ಬರು ಒಂದೇ ಸಿಂಹಾಸನವನ್ನು ಹಂಚಿಕೊಳ್ಳಲಾಗದೆ ರಣರಂಗಕ್ಕೆ ಇಳಿದರು. ಒಬ್ಬ ಚಿಕ್ಕಪ್ಪ, ಇನ್ನೊಬ್ಬ ಅಣ್ಣನ ಮಗ. ಅಣ್ಣನ ಮಗನನ್ನು ನಾಡೆಲ್ಲ ಬಲ್ಲದು. ಅವನೇ ಇಮ್ಮಡಿ ಪುಲಕೇಶಿ. ಶಾಲೆಯ ಪಠ್ಯಪುಸ್ತಕಗಳಲ್ಲಿ ಎರಡು ಸಾಲಿನ ಖಳನಾಯಕನಾಗಿ ಬಂದು ಮರೆಯಾಗುವ ಚಿಕ್ಕಪ್ಪನ ಹೆಸರು ಮಂಗಲೇಶ. ಆದರೆ ಬಾದಾಮಿಯ ನಾಲ್ಕು ಗುಹೆಗಳಲ್ಲಿ ಅತ್ಯಂತ ದೊಡ್ಡದೂ ಅತ್ಯಂತ ಸುಂದರವೂ ಆದ ಮೂರನೆಯ ಗುಹೆಯನ್ನು ಮಾಡಿಸಿದವನು ಈ ಖಳನಾಯಕನೇ ಎಂಬುದನ್ನು ಎಷ್ಟು ಮಂದಿ ಬಲ್ಲರು?

ಖಣದ ಊರೆಂದು ಹೆಸರಾದ ಗುಳೇದಗುಡ್ಡದವರಿಗೆ ಬಾದಾಮಿ ಪರಸ್ಥಳವಲ್ಲ. ಪ್ರತ್ಯೇಕ ತಾಲ್ಲೂಕಾಗುವ ಮೊದಲು ಈ ಊರು ಬಾದಾಮಿ ತಾಲ್ಲೂಕಿಗೇ ಸೇರಿತ್ತು. ಬಾದಾಮಿಯ ಗುಹೆ, ಮಹಾಕೂಟದ ಹೊಂಡ, ನಂದಿಕೇಶ್ವರ ಗ್ರಾಮ, ಐಹೊಳೆಯ ಮೇಗುಟಿ ಇವೆಲ್ಲ ಇಲ್ಲಿನವರು ಜಾತ್ರೆಗೂ ಬೀಗತನಕ್ಕೂ ಓಡಾಡುವ ಜಾಗಗಳು. ಮಂಗಲೇಶನ ಬದುಕಿನ ಮುಖ್ಯ ಸಾಕ್ಷ್ಯಗಳೂ ಈ ಕೆಲವೇ ಹರದಾರಿಗಳ ಪರಿಧಿಯಲ್ಲಿಯೇ ಕಲ್ಲಿಗೆ ಇಳಿದಿವೆ.

ಎರಡನೆಯ ಮಗನ ಪಾಲು

ಮಂಗಲೇಶನ ತಂದೆ ಮೊದಲನೆಯ ಪುಲಕೇಶಿ. ಬಾದಾಮಿಯ ಕೆಂಪು ಬೆಟ್ಟದ ಮೇಲೆ ಕೋಟೆ ಕಟ್ಟಿ, ಕ್ರಿ.ಶ. 543ರಲ್ಲಿ ಬಂಡೆಯ ಮೇಲೆ ಆ ಸಂಗತಿಯನ್ನು ಕೆತ್ತಿಸಿದವನು ಇವನೇ. ಅಶ್ವಮೇಧ ಯಾಗ ಮಾಡಿ, ಅದುವರೆಗೆ ಸಾಮಾನ್ಯ ಮನೆತನವಾಗಿದ್ದ ಚಾಲುಕ್ಯರನ್ನು ಅರಸುಮನೆತನವನ್ನಾಗಿ ಮಾಡಿದವನೂ ಇವನೇ. ಅವನ ತರುವಾಯ ಪಟ್ಟಕ್ಕೆ ಬಂದವನು ಹಿರಿಯ ಮಗ ಕೀರ್ತಿವರ್ಮ. ಬನವಾಸಿಯ ಕದಂಬರು, ಕೊಂಕಣದ ಮೌರ್ಯರು, ನಳರು ಎಲ್ಲರೂ ಇವನಿಗೆ ಸೋತರು. ಕೀರ್ತಿವರ್ಮನ ತಮ್ಮನೇ ಮಂಗಲೇಶ. ಇಬ್ಬರೂ ಬೇರೆ ಬೇರೆ ತಾಯಂದಿರ ಮಕ್ಕಳೆಂಬ ಅಭಿಪ್ರಾಯ ಇತಿಹಾಸಕಾರರಲ್ಲಿದೆ. ಮಹಾಕೂಟದ ಶಾಸನದಲ್ಲಿ ರಾಣಿ ದುರ್ಲಭದೇವಿಯನ್ನು ತಾಯಿ ಎನ್ನದೆ ತಂದೆಯ ಪತ್ನಿ ಎಂದು ಹೇಳಿರುವುದು ಇದಕ್ಕೆ ಆಧಾರ.

ಅಣ್ಣ ರಾಜ, ತಮ್ಮ ದಂಡನಾಯಕ. ಅರಸುಮನೆತನದ ಎರಡನೆಯ ಮಗನಿಗೆ ದೊರೆಯುವ ಸ್ಥಾನ ಯಾವ ಕಾಲದಲ್ಲಿಯೂ ಸುಲಭದ್ದಲ್ಲ. ಯುದ್ಧದಲ್ಲಿ ಮುಂದೆ ನಿಲ್ಲಬೇಕು, ಗೆಲುವಿನ ಕೀರ್ತಿಯನ್ನು ಮಾತ್ರ ಹಿಂದಿರುವವನಿಗೆ ಒಪ್ಪಿಸಬೇಕು. ಮಂಗಲೇಶ ಈ ಪಾಲನ್ನು ಗೊಣಗದೆ ಸ್ವೀಕರಿಸಿದವನಂತೆ ಕಾಣುತ್ತಾನೆ. ಹೀಗೆ ಹೇಳಲು ಕಾರಣ ಗುಹೆಯಲ್ಲಿಯೇ ಇದೆ.

ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆ. ಶಕವರ್ಷ 500 ಕಳೆದಿತ್ತು, ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ ನಡೆದಿತ್ತು. ಅಂದು ಮಂಗಲೇಶ ಮೂರನೆಯ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿದ. ಆ ಸಂದರ್ಭದ ಸಂಸ್ಕೃತ ಶಾಸನ ಗುಹೆಯ ಅರೆಗಂಬದ ಮೇಲೆ ಇಂದಿಗೂ ಇದೆ. ದೇವರಿಗೂ ಮನುಷ್ಯರಿಗೂ ಅಚ್ಚರಿ ತರುವಂಥ ಮಹಾವಿಷ್ಣುಗೃಹವನ್ನು ಮಾಡಿಸಿದ್ದಾಗಿ ಅವನು ಹೇಳಿಕೊಳ್ಳುತ್ತಾನೆ. ಇಲ್ಲಿಯವರೆಗೆ ಅರಸುಗಳ ಎಲ್ಲ ಶಾಸನಗಳಲ್ಲಿಯೂ ಕಾಣುವ ಮಾತೇ. ಮುಂದಿನದು ಹಾಗಲ್ಲ. ಈ ಪುಣ್ಯಕಾರ್ಯದ ಫಲವೆಲ್ಲವೂ ಅಣ್ಣ ಕೀರ್ತಿವರ್ಮನಿಗೆ ಸಲ್ಲಬೇಕೆಂದು ಸೂರ್ಯನನ್ನೂ ಅಗ್ನಿಯನ್ನೂ ನೆರೆದ ಜನರನ್ನೂ ಸಾಕ್ಷಿಯಾಗಿಟ್ಟುಕೊಂಡು ಅವನು ಧಾರೆಯೆರೆಯುತ್ತಾನೆ. ತನಗೆ ಅಣ್ಣನ ಸೇವೆ ಮಾಡಿದ ಫಲವಷ್ಟೇ ಸಾಕು ಎನ್ನುತ್ತಾನೆ.

ಯೋಚಿಸಿ ನೋಡಿ. ಸುಮಾರು ಎಪ್ಪತ್ತು ಅಡಿ ಅಗಲದ ಮೊಗಸಾಲೆಯನ್ನು ಗಟ್ಟಿ ಮರಳುಗಲ್ಲಿನ ಬೆಟ್ಟದೊಳಗೆ ಕೊರೆಸಿದವನು, ತನ್ನ ಬಾಳಿನ ಅತಿ ದೊಡ್ಡ ಕೆಲಸದ ಪುಣ್ಯವನ್ನು ಮತ್ತೊಬ್ಬನ ಖಾತೆಗೆ ಬರೆಸುತ್ತಿದ್ದಾನೆ. ಅಣ್ಣ ಸತ್ತಮೇಲೆ ನೆನಪಿಗಾಗಿ ಮಾಡಿದ್ದಲ್ಲ ಇದು; ಅಣ್ಣ ಬದುಕಿದ್ದಾಗಲೇ, ಸಿಂಹಾಸನದ ಮೇಲಿದ್ದಾಗಲೇ ಮಾಡಿದ್ದು. ಅರಮನೆಯ ರಾಜಕಾರಣದಲ್ಲಿ ಇದು ತಮ್ಮನ ಜಾಣ ನಡೆಯಾಗಿರಬಹುದೆಂದು ಅನುಮಾನಿಸುವವರೂ ಇದ್ದಾರು. ಅನುಮಾನಕ್ಕೆ ಮದ್ದಿಲ್ಲ. ಆದರೆ ಕಲ್ಲಿನಲ್ಲಿ ಉಳಿದಿರುವುದು ಪ್ರೀತಿಯ ಭಾಷೆ. ಅದನ್ನು ಸುಳ್ಳೆನ್ನಲು ಆ ಹೊತ್ತಿನ ಮಟ್ಟಿಗೆ ಯಾವ ಆಧಾರವೂ ಇಲ್ಲ.

ಕುಳ್ಳರ ಲೋಕ

ಹೀಗೆ ಅಣ್ಣನಿಗೆ ಅರ್ಪಿಸಿದ ಗುಹೆಯೊಳಗೆ ಏನಿದೆ? ಬಹುತೇಕ ಪ್ರವಾಸಿಗರು ದೊಡ್ಡ ಶಿಲ್ಪಗಳನ್ನು ಮಾತ್ರ ನೋಡಿ ಹೊರಡುತ್ತಾರೆ. ಭೂದೇವಿಯನ್ನು ಎತ್ತಿದ ವರಾಹ, ಹಾವಿನ ಸುರುಳಿಯನ್ನೇ ಪೀಠ ಮಾಡಿಕೊಂಡು ಕುಳಿತ ವಿಷ್ಣು, ನೆಟ್ಟಗೆ ನಿಂತ ನರಸಿಂಹ, ಕಾಲೆತ್ತಿದ ತ್ರಿವಿಕ್ರಮ, ಅರ್ಧ ಹರಿ ಅರ್ಧ ಹರನಾದ ಹರಿಹರ. ಇವೆಲ್ಲ ಆಳೆತ್ತರಕ್ಕಿಂತ ದೊಡ್ಡವು. ಛಾಯಾಚಿತ್ರಕ್ಕೆ ಹೇಳಿ ಮಾಡಿಸಿದಂಥವು.

ನಿಜವಾದ ವಿನೋದವಿರುವುದು ಮೊಣಕಾಲಿನ ಎತ್ತರದಲ್ಲಿ. ಜಗಲಿಯ ಪಟ್ಟಿಕೆಯಲ್ಲಿ ಸಾಲಾಗಿ ಗಣಗಳು ಕುಳಿತಿವೆ, ನಿಂತಿವೆ, ಕುಣಿಯುತ್ತಿವೆ. ಡೊಳ್ಳುಹೊಟ್ಟೆ, ಗಿಡ್ಡ ಕಾಲು, ಊದಿದ ಕೆನ್ನೆ. ಒಂದು ವಾದ್ಯ ನುಡಿಸಿದರೆ ಪಕ್ಕದ್ದು ಹೆಜ್ಜೆ ಹಾಕುತ್ತದೆ. ಒಂದರ ಕಿಡಿಗೇಡಿತನ ಇನ್ನೊಂದರ ಮುಖದಲ್ಲಿ ಕಾಣುತ್ತದೆ. ಮೊದಲನೆಯ ಗುಹೆಯಲ್ಲಿಯಂತೂ ದನದ ಮೋರೆಯ, ಕುದುರೆಯ ಮೋರೆಯ ಗಣಗಳೂ ಈ ಗುಂಪಿಗೆ ಸೇರಿವೆ. ಮೇಲೆ ಮೂರು ಲೋಕ ಅಳೆಯುವ ದೇವರು, ಕೆಳಗೆ ಯಾವ ಜವಾಬ್ದಾರಿಯೂ ಇಲ್ಲದ ಈ ಕುಳ್ಳರು. ಇಂದಿನ ವ್ಯಂಗ್ಯಚಿತ್ರಕಾರನೊಬ್ಬ ಇವುಗಳನ್ನು ನೋಡಿದರೆ ತನ್ನ ಮುತ್ತಜ್ಜನ ಗುರುತು ಹಿಡಿದಾನು!

ಇನ್ನು ಕಂಬಗಳ ಮೇಲಿನ ಬೋದಿಗೆಗಳತ್ತ ಕತ್ತೆತ್ತಬೇಕು. ಅಲ್ಲಿ ದೇವರಿಲ್ಲ, ಗಂಡಹೆಂಡಿರಿದ್ದಾರೆ. ಮರದ ಎಲೆಗಳ ನೆರಳಿನಲ್ಲಿ ಜೋಡಿಗಳು ಒರಗಿ ನಿಂತಿವೆ. ಒಬ್ಬಳಲ್ಲಿ ಮುನಿಸು, ಮತ್ತೊಬ್ಬನಲ್ಲಿ ಓಲೈಕೆ. ಎಷ್ಟೋ ಜೋಡಿಗಳ ಕಾಲ ಬಳಿ ಗಿಡ್ಡ ಸೇವಕರಿದ್ದಾರೆ. ಯಜಮಾನರ ಸರಸದ ಹೊತ್ತಿನಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದ ಸೇವಕನ ಪೇಚು ಕಲ್ಲಿನಲ್ಲಿಯೂ ಮರೆಯಾಗಿಲ್ಲ. ಮನುಷ್ಯರು ಒಬ್ಬರ ಪಕ್ಕದಲ್ಲಿ ಒಬ್ಬರು ನಿಂತಾಗ ಮೈ ಏನು ಹೇಳುತ್ತದೆ ಎಂಬುದನ್ನು ಈ ಶಿಲ್ಪಿಗಳು ಚೆನ್ನಾಗಿ ಗಮನಿಸಿದ್ದರು. ಬಾಗಿದ ಸೊಂಟ, ಹೆಗಲ ಮೇಲೆ ಸಡಿಲವಾಗಿ ಬಿದ್ದ ಕೈ, ಬೇರೆಡೆಗೆ ತಿರುಗಿದ ಮುಖ ಇಷ್ಟರಲ್ಲಿಯೇ ಒಂದು ಸಂಸಾರದ ಕತೆ ಮುಗಿಯುತ್ತದೆ.

ಪ್ರಾಣಿಗಳ ಸಂಗತಿಯೂ ಸ್ವಾರಸ್ಯಕರ. ಹಾವಿಗೂ ಗರುಡನಿಗೂ ಹುಟ್ಟುಹಗೆ ಎಂಬುದು ಪುರಾಣದ ಮಾತು. ಮಂಗಲೇಶನ ಗುಹೆಯಲ್ಲಿ ಹಾವು ವಿಷ್ಣುವಿಗೆ ಪೀಠವೂ ಆಗಿದೆ, ಹೆಡೆ ಬಿಚ್ಚಿ ಕೊಡೆಯೂ ಆಗಿದೆ. ಗರುಡನಿಗೂ ಅದೇ ಸೂರಿನ ಚಾಚುಪಟ್ಟಿಯ ಕೆಳಗೆ ಜಾಗ ದೊರೆತಿದೆ. ಚಾಲುಕ್ಯರ ಲಾಂಛನವೇ ವರಾಹ. ಅಂದರೆ ಹಂದಿ! ನಾವು ಮೂಗು ಮುರಿಯುವ ಪ್ರಾಣಿ ಇಲ್ಲಿ ಭೂಮಿಯನ್ನು ಮೇಲೆತ್ತುವ ಆಪ್ತಬಂಧು. ಆ ವರಾಹನ ಅಂಗೈಯ ಮೇಲೆ ನಿಂತ ಭೂದೇವಿಯಲ್ಲಿ ಹೆದರಿಕೆಯ ಸುಳಿವಿಲ್ಲ. ಎರಡನೆಯ ಗುಹೆಯ ಮಾಳಿಗೆಯಲ್ಲಿ ಹದಿನಾರು ಮೀನುಗಳು ಚಕ್ರದ ಅರೆಕಾಲುಗಳಂತೆ ಜೋಡಿಸಿಕೊಂಡಿವೆ. ಕತ್ತು ನೋಯುವವರೆಗೆ ನೋಡಿದರೂ ಸಾಲದು.

ಇವುಗಳಲ್ಲಿ ಮೂರನೆಯ ಗುಹೆಗೆ ಮತ್ತೊಂದು ಹೆಚ್ಚುಗಾರಿಕೆಯಿದೆ. ಮಿಕ್ಕ ಗುಹೆಗಳಲ್ಲಿ ತಾರೀಖು ಕೆತ್ತಿಲ್ಲ, ಇಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಬರ್ಜೆಸ್, ಜೆ.ಎಫ್. ಫ್ಲೀಟ್ ಮೊದಲಾದವರು ಈ ಶಾಸನವನ್ನು ಅಭ್ಯಾಸ ಮಾಡಿದಾಗ ದಖನ್ನಿನ ಹಿಂದೂ ಗುಹಾಲಯಗಳ ಕಾಲಗಣನೆಗೆ ಒಂದು ಗಟ್ಟಿ ಗೂಟ ಸಿಕ್ಕಂತಾಯಿತು. ಅಣ್ಣನ ಮೇಲಿನ ಅಭಿಮಾನಕ್ಕೆ ಬರೆಸಿದ ನಾಲ್ಕು ಸಾಲು ಭಾರತದ ಕಲೆಯ ಇತಿಹಾಸಕ್ಕೆ ಅಳತೆಗೋಲಾಯಿತು. ಗುಹೆಯ ಚಾಚುಪಟ್ಟಿಯಲ್ಲಿ ಮಾಸಿಹೋಗುತ್ತಿರುವ ವರ್ಣಚಿತ್ರಗಳ ತುಣುಕುಗಳಿಗೂ ವಯಸ್ಸು ಹೇಳಲು ವಿದ್ವಾಂಸರಿಗೆ ಇದೇ ಶಾಸನ ಆಸರೆ.

ಕಲ್ಮನೆಯ ಕನ್ನಡ

ಸಂಸ್ಕೃತ ಶಾಸನ ದೇವರಿಗೂ ಪಂಡಿತರಿಗೂ ಬರೆದದ್ದು. ಊರವರಿಗಾಗಿ ಮಂಗಲೇಶ ಇನ್ನೊಂದನ್ನು ಕನ್ನಡದಲ್ಲಿ ಕೆತ್ತಿಸಿದ. ಬಾದಾಮಿ ಸೀಮೆಯ ಅತಿ ಹಳೆಯ ಕನ್ನಡ ಬರಹಗಳಲ್ಲಿ ಇದೂ ಒಂದು. ಸಂಸ್ಕೃತದಲ್ಲಿ ಮಹಾವಿಷ್ಣುಗೃಹವಾಗಿದ್ದ ಗುಹೆ ಇಲ್ಲಿ ಸರಳವಾಗಿ ಕಲ್ಮನೆಯಾಗುತ್ತದೆ. ಕಲ್ಲಿನ ಮನೆ! ಆ ಒಂದು ಪದದಲ್ಲಿ ಎಷ್ಟು ಆಪ್ತತೆಯಿದೆ ನೋಡಿ. ಅರಮನೆಯ ಪ್ರಶಸ್ತಿಯ ಭಾಷೆ ಪಕ್ಕಕ್ಕೆ ಸರಿದು, ಬೆಟ್ಟದಲ್ಲಿ ಉಳಿಯ ಸದ್ದು ಕೇಳುತ್ತ ದಿನ ಕಳೆದ ಜನರ ಭಾಷೆ ಕೇಳಿಬರುತ್ತದೆ.

ಕಲ್ಮನೆಯ ದೇವರಿಗೆ ಬಿಟ್ಟ ಊರು ಲಂಜಿಗೇಸರ. ಮಹಾಕೂಟದ ಹತ್ತಿರದ ಇಂದಿನ ನಂದಿಕೇಶ್ವರವೇ ಅದೆಂದು ಸಂಶೋಧಕರು ಗುರುತಿಸಿದ್ದಾರೆ. ಆ ಊರಿನ ಉತ್ಪನ್ನದಿಂದ ನಿತ್ಯ ಹದಿನಾರು ಮಂದಿ ಬ್ರಾಹ್ಮಣರಿಗೆ ಊಟ, ಉಳಿದದ್ದು ಪರಿವ್ರಾಜಕರಿಗೆ ಎಂದು ಸಂಸ್ಕೃತ ಶಾಸನ ವಿಧಿಸುತ್ತದೆ. ಕನ್ನಡ ಶಾಸನ ಹೂಮಾಲೆ ಕಟ್ಟುವವರ ಪಾಲನ್ನು ನೆನೆಯುತ್ತದೆ. ರಾಜನೊಬ್ಬನ ದಾನಪತ್ರದಲ್ಲಿ ಮಾಲೆಗಾರರು ಮರೆತುಹೋಗದೆ ಉಳಿದದ್ದು ಸಣ್ಣ ಸಂಗತಿಯಾದರೂ ಮನಸ್ಸಿಗೆ ಹಿತವಾಗುತ್ತದೆ. ಈ ದಾನವನ್ನು ಕೆಡಿಸಿದವನು ಏಳನೆಯ ನರಕದಲ್ಲಿ ಹುಳುವಾಗಲಿ ಎಂಬ ಶಾಪವೂ ಅಲ್ಲಿದೆ. ಆನೆ, ಎತ್ತು, ಹಾವು, ಹಂದಿಗಳಿಗೆಲ್ಲ ದೇವರ ಪಕ್ಕದಲ್ಲಿ ಜಾಗ ಕೊಟ್ಟ ಬೆಟ್ಟದಲ್ಲಿ ಮಾತು ತಪ್ಪಿದ ಮನುಷ್ಯನಿಗೆ ಮಾತ್ರ ಹುಳುವಿನ ಜನ್ಮ!

ಕಾಯಲು ಕೊಟ್ಟ ಗದ್ದುಗೆ

ಕೀರ್ತಿವರ್ಮ ತೀರಿಕೊಂಡಾಗ ಅವನ ಮಗ ಇನ್ನೂ ಚಿಕ್ಕವನು. ತಮ್ಮ ಮಂಗಲೇಶ ಪಟ್ಟಕ್ಕೆ ಬಂದ. ಅದು ಕ್ರಿ.ಶ. 597ರ ಸುಮಾರು ಎಂದು ಒಂದು ಲೆಕ್ಕ. ನಾಲ್ಕೈದು ವರ್ಷ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ನೆರೆಯ ಶತ್ರುಗಳ ನಡುವೆ ಬಾಲಕನೊಬ್ಬನನ್ನು ಗದ್ದುಗೆಯ ಮೇಲೆ ಕೂರಿಸುವುದು ಆಗಿನ ಕಾಲಕ್ಕೆ ಆತ್ಮಹತ್ಯೆಗೆ ಸಮಾನವಾಗಿತ್ತು. ಆದ್ದರಿಂದ ಈ ವ್ಯವಸ್ಥೆಗೆ ಯಾರೂ ಅಡ್ಡಿ ಮಾಡಿರಲಾರರು.

ಉತ್ತರ ಕರ್ನಾಟಕದ ಯಾವುದೇ ಹಳ್ಳಿಯಲ್ಲಿ ಕೇಳಿ, ಇಂಥ ಕತೆ ಒಂದಾದರೂ ಸಿಗುತ್ತದೆ. ಅಣ್ಣ ಅಕಾಲದಲ್ಲಿ ತೀರಿಕೊಳ್ಳುತ್ತಾನೆ. ಮಕ್ಕಳು ದೊಡ್ಡವರಾಗುವವರೆಗೆ ಹೊಲ ನೋಡಿಕೊಳ್ಳುವ ಭಾರ ತಮ್ಮನ ಮೇಲೆ ಬೀಳುತ್ತದೆ. ಮೊದಲ ವರ್ಷ ಅವನು ಅಣ್ಣನ ಹೊಲ ಎನ್ನುತ್ತಾನೆ. ಐದನೆಯ ವರ್ಷ ನಮ್ಮ ಹೊಲ ಎನ್ನುತ್ತಾನೆ. ಬಾವಿ ತೋಡಿಸಿ, ಬದು ಹಾಕಿಸಿ, ಸಾಲ ತೀರಿಸಿದ ಮೇಲೆ ಹತ್ತನೆಯ ವರ್ಷ ನನ್ನ ಹೊಲ ಎನ್ನುತ್ತಾನೆ. ಈ ಪದ ಬದಲಾದದ್ದು ಅವನ ಗಮನಕ್ಕೇ ಬಂದಿರುವುದಿಲ್ಲ. ಮೋಸ ಮಾಡಬೇಕೆಂದು ಹೊರಟವನಲ್ಲ ಅವನು. ಬೆವರು ಸುರಿಸಿದ ಜಾಗ ತನ್ನದೆನ್ನಿಸುವುದು ಮನಸ್ಸಿನ ಹಳೆಯ ಅಭ್ಯಾಸ. ಅಷ್ಟರಲ್ಲಿ ಅವನ ಮಕ್ಕಳೂ ಅದೇ ಹೊಲದ ಬದುವಿನ ಮೇಲೆ ಆಡಿ ದೊಡ್ಡವರಾಗಿರುತ್ತಾರೆ.

ಮಂಗಲೇಶನ ಬೆವರು ಕಡಮೆಯದಾಗಿರಲಿಲ್ಲ. ಆನೆ, ಕುದುರೆ, ಕಾಲಾಳು, ಭಂಡಾರಗಳಿಂದ ಕೊಬ್ಬಿದ್ದ ಕಲಚುರಿ ಬುದ್ಧರಾಜನನ್ನು ಓಡಿಸಿದ. ಹದಿನೆಂಟು ಯುದ್ಧ ಗೆದ್ದವನೆಂದು ಹೆಸರಾಗಿದ್ದ ಸ್ವಾಮಿರಾಜನನ್ನು ಕೊಂದ. ಈ ಸ್ವಾಮಿರಾಜನೂ ಚಾಲುಕ್ಯ ಕುಲದವನೇ ಎಂದು ನೇರೂರಿನ ತಾಮ್ರಶಾಸನ ಹೇಳುತ್ತದೆ. ಕುಲದವರ ಮೇಲೆ ಕತ್ತಿಯೆತ್ತುವುದು ಈ ಮನೆತನಕ್ಕೆ ಹೊಸತಾಗಿರಲಿಲ್ಲ ಎಂಬುದನ್ನು ಓದುಗರು ಇಲ್ಲಿ ಗಮನಿಸಬೇಕು. ವೆಂಗುರ್ಲಾ ಕಡೆಯ ಕಡಲತೀರದ ರೇವತೀದ್ವೀಪವನ್ನೂ, ಅಂದರೆ ಇಂದಿನ ರೇಡಿಯನ್ನೂ ಗೆದ್ದ. ಅಣ್ಣ ಬಿಟ್ಟುಹೋದ ರಾಜ್ಯ ಅವನ ಕೈಯಲ್ಲಿ ಕಿರಿದಾಗಲಿಲ್ಲ, ಹಿರಿದಾಯಿತು.

ಗೆದ್ದು ತಂದ ಕಲಚುರಿಗಳ ಸಂಪತ್ತನ್ನು ಅವನು ಮಹಾಕೂಟದ ದೇವರಿಗೆ ಒಪ್ಪಿಸಿದ. ಅಲ್ಲಿ ಧರ್ಮದ ಜಯಸ್ತಂಭವೊಂದನ್ನು ನಿಲ್ಲಿಸಿದ. ತನ್ನ ಆಳ್ವಿಕೆಯ ಐದನೆಯ ವರ್ಷದ ವೈಶಾಖ ಹುಣ್ಣಿಮೆಯಂದು, ಎಂದರೆ ಸಾಮಾನ್ಯವಾಗಿ ಒಪ್ಪಿರುವಂತೆ ಕ್ರಿ.ಶ. 602ರಲ್ಲಿ, ಹಿರಿಯ ರಾಣಿ ದುರ್ಲಭದೇವಿ ಬಿಟ್ಟ ಹತ್ತು ಊರುಗಳ ದಾನವೂ ಆ ಕಂಬದ ಮೇಲೆಯೇ ದಾಖಲಾಗಿದೆ. ಗುಹೆಯಲ್ಲಿ ಪರಮಭಾಗವತನಾಗಿದ್ದವನು ಇಲ್ಲಿ ಶಿವನಿಗೆ ಕಂಬ ನಿಲ್ಲಿಸುತ್ತಾನೆ. ಹರಿಹರನನ್ನು ಕೆತ್ತಿಸಿದವನಿಗೆ ಅದೇನೂ ತೊಡಕಾಗಿ ತೋರಿರಲಾರದು. ತಂದೆ, ಅಣ್ಣ ಇಬ್ಬರನ್ನೂ ಕಂಬದ ಶಾಸನ ಗೌರವದಿಂದ ಹೊಗಳುತ್ತದೆ. ಐದನೆಯ ವರ್ಷದವರೆಗೂ ಅಣ್ಣನ ಹೆಸರು ಕಲ್ಲಿನ ಮೇಲಿತ್ತು.

ಮಗನೋ, ಅಣ್ಣನ ಮಗನೋ

ಮುಂದಿನದನ್ನು ತಿಳಿಸುವ ಮುಖ್ಯ ಸಾಕ್ಷಿ ಐಹೊಳೆಯ ಮೇಗುಟಿ ಬಸದಿಯ ಗೋಡೆ. ಕ್ರಿ.ಶ. 634-35ರಲ್ಲಿ ರವಿಕೀರ್ತಿ ಎಂಬ ಕವಿ ಅಲ್ಲಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿ ಬರೆಸಿದ. ಗೆದ್ದವನ ಆಸ್ಥಾನದ ಮಾತು ಇದೆಂಬುದನ್ನು ಮರೆಯದೆ ಓದಬೇಕು. ಆದರೂ ರವಿಕೀರ್ತಿ ಮಂಗಲೇಶನ ಗೆಲುವುಗಳನ್ನು ಮುಚ್ಚಿಡುವುದಿಲ್ಲ. ಕಲಚುರಿ ವಿಜಯವನ್ನೂ ರೇವತೀದ್ವೀಪದ ಮುತ್ತಿಗೆಯನ್ನೂ ಹೊಗಳಿಯೇ ಮುಂದಕ್ಕೆ ಹೋಗುತ್ತಾನೆ. ಕವಿಯ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಅವನು ಹೇಳುವ ಕತೆ ಇಷ್ಟು. ಅಣ್ಣನ ಮಗ ಪ್ರಾಯಕ್ಕೆ ಬಂದ. ರಾಜ್ಯಲಕ್ಷ್ಮಿ ಅವನತ್ತ ಒಲಿಯುವುದನ್ನು ಕಂಡ ಚಿಕ್ಕಪ್ಪನಲ್ಲಿ ಅಸೂಯೆ ಹುಟ್ಟಿತು. ತರುಣ ರಾಜ್ಯ ಬಿಟ್ಟು ಹೊರಟ. ಹೊರಗಿದ್ದುಕೊಂಡೇ ತಂತ್ರದಿಂದಲೂ ಉತ್ಸಾಹದಿಂದಲೂ ಬಲ ಕೂಡಿಸಿದ. ಕೊನೆಗೆ ಮಂಗಲೇಶ ಮೂರನ್ನು ಒಟ್ಟಿಗೆ ಕಳೆದುಕೊಂಡ. ಮಗನಿಗೆ ಪಟ್ಟ ಕಟ್ಟುವ ಪ್ರಯತ್ನ, ವಿಸ್ತಾರವಾದ ರಾಜ್ಯ, ಜೊತೆಗೆ ಪ್ರಾಣ. ಆ ಮಗನ ಹೆಸರನ್ನು ಮಾತ್ರ ರವಿಕೀರ್ತಿ ಎತ್ತುವುದಿಲ್ಲ.

ಕಾಳಗ ನಡೆದ ಜಾಗದ ಸುಳಿವು ಕೊಡುವುದು ಆಂಧ್ರದ ಅನಂತಪುರ ಸೀಮೆಯ ಪೆದ್ದವಡುಗೂರಿನ ಶಾಸನ. ಎರೆಯ ಎಂಬವನು ರಣವಿಕ್ರಮನನ್ನು ಸೋಲಿಸಿದ ಬಳಿಕ ಬಿಟ್ಟ ದತ್ತಿಯ ವಿಚಾರ ಅದರಲ್ಲಿದೆ. ರಣವಿಕ್ರಮ ಮಂಗಲೇಶನ ಬಿರುದು. ಎರೆಯ ಎಂಬುದು ಪುಲಕೇಶಿಯ ಪಟ್ಟದ ಪೂರ್ವದ ಹೆಸರು ಎಂದು ವಿದ್ವಾಂಸರು ಹೊಂದಿಸಿದ್ದಾರೆ. ಇದು ನಡೆದದ್ದು ಕ್ರಿ.ಶ. 609-10ರ ಹೊತ್ತಿಗೆ. ಕಾರ್ತಿಕ ಹುಣ್ಣಿಮೆಯಂದು ಅಗ್ನಿಯನ್ನು ಸಾಕ್ಷಿಯಾಗಿಟ್ಟು ಅಣ್ಣನಿಗೆ ಪುಣ್ಯ ಬರೆದುಕೊಟ್ಟು ಮೂವತ್ತೊಂದು ವರ್ಷಗಳಾಗಿದ್ದವು. ಆ ಅಣ್ಣನ ಮಗನ ಎದುರಿನಲ್ಲಿಯೇ ಮಂಗಲೇಶ ಬಿದ್ದ.

ಈ ಎರಡು ದಿನಗಳ ಮಂಗಲೇಶರಲ್ಲಿ ಯಾರು ನಿಜ? ಅಣ್ಣನ ಮೇಲೆ ಜೀವವಿಟ್ಟವನೇ ಅಣ್ಣನ ಮಗನನ್ನು ಹೊರಹಾಕಿದನೆಂದರೆ ಮೊದಲಿನದು ನಟನೆಯಾಗಿರಬೇಕು ಎಂದು ವಾದಿಸುವುದು ಸುಲಭ. ಈ ಲೇಖಕನಿಗೆ ಹಾಗೆ ತೋರುವುದಿಲ್ಲ. ಅಣ್ಣನ ಮುಂದೆ ತಮ್ಮನಾಗಿದ್ದವನು ಅಣ್ಣ ಹೋದ ಮೇಲೆ ತಂದೆ ಮಾತ್ರವಾಗಿ ಉಳಿದ. ತಮ್ಮನಾಗಿದ್ದಾಗ ಸಲೀಸಾಗಿ ಕೈಬಿಟ್ಟದ್ದನ್ನು ತಂದೆಯಾಗಿ ಬಿಡಲು ಅವನಿಂದ ಆಗಲಿಲ್ಲ. ತನ್ನ ಪಾಲಿನ ಪುಣ್ಯವನ್ನು ದಾನ ಮಾಡಬಹುದು. ಮಗನ ಪಾಲಿನದನ್ನು ದಾನ ಮಾಡಲು ಅವನಿಗೆ ಕೈ ಬರಲಿಲ್ಲ. ಎರಡೂ ಒಂದೇ ಎದೆಯ ಮಾತಾಗಿರಲು ಸಾಧ್ಯ. ಇದರಿಂದ ಅವನ ತಪ್ಪು ಸಣ್ಣದಾಗುವುದಿಲ್ಲ. ಗದ್ದುಗೆ ಅಣ್ಣನ ಮಗನಿಗೆ ಸಲ್ಲಬೇಕಾಗಿತ್ತು. ಅದನ್ನು ಕಾಯಲು ಒಪ್ಪಿಕೊಂಡವನು ಅವನೇ.

ಇನ್ನೊಂದು ಸಂಗತಿ ಇತಿಹಾಸದ ಪುಸ್ತಕಗಳಲ್ಲಿ ಬೇರೆ ಅಧ್ಯಾಯಕ್ಕೆ ಹೋಗಿಬಿಟ್ಟಿದೆ. ಪುಲಕೇಶಿಗೂ ಯುದ್ಧಗಳಲ್ಲಿ ಜೊತೆಗಿದ್ದ ತಮ್ಮನೊಬ್ಬನಿದ್ದ, ಕುಬ್ಜ ವಿಷ್ಣುವರ್ಧನ. ಅವನಿಗೆ ಪುಲಕೇಶಿ ಪೂರ್ವದ ವೆಂಗಿಯ ನಾಡನ್ನು ಒಪ್ಪಿಸಿದ. ಅಲ್ಲಿ ಅವನ ವಂಶವೇ ಪೂರ್ವ ಚಾಲುಕ್ಯರೆಂಬ ಹೆಸರಿನಲ್ಲಿ ಶತಮಾನಗಳ ಕಾಲ ಆಳಿತು. ರಾಜ್ಯ ವಿಸ್ತಾರವಾದಾಗ ಹೀಗೆ ಮಾಡುವುದು ಆಡಳಿತದ ಅನುಕೂಲ ಎಂದು ಹೇಳಬಹುದು. ಚಿಕ್ಕಪ್ಪನ ಕತೆಯನ್ನು ಸ್ವತಃ ಬಾಳಿದವನಿಗೆ ತಮ್ಮನನ್ನು ಎರಡನೆಯವನಾಗಿಯೇ ಮನೆಯಲ್ಲಿ ಇಟ್ಟುಕೊಳ್ಳುವುದರ ಅಪಾಯವೂ ಹೊಳೆದಿರಬಹುದು ಎಂಬುದು ನಮ್ಮ ಊಹೆ.

ಮನೆಯವರು ಮರೆತದ್ದು

ಮಂಗಲೇಶ ಸತ್ತ ಮೇಲೆ ಅವನಿಗೆ ಎರಡನೆಯ ಸಾವು ಬಂದದ್ದು ವಂಶಾವಳಿಯಲ್ಲಿ. ಬಾದಾಮಿ ಚಾಲುಕ್ಯರ ಮುಂದಿನ ತಾಮ್ರಪಟಗಳು ಮೊದಲನೆಯ ಪುಲಕೇಶಿ, ಅವನ ಮಗ ಕೀರ್ತಿವರ್ಮ, ಅವನ ಮಗ ಇಮ್ಮಡಿ ಪುಲಕೇಶಿ ಎಂದು ಸರಾಗವಾಗಿ ಎಣಿಸುತ್ತ ಹೋಗುತ್ತವೆ. ನಡುವೆ ಹನ್ನೆರಡು ವರ್ಷಗಳಿಗೂ ಮೀರಿ ಆಳಿದವನ ಹೆಸರಿಲ್ಲ. ಮನೆತನದ ಭಾವಚಿತ್ರಗಳ ಸಾಲಿನಿಂದ ಜಗಳವಾಡಿದ ಚಿಕ್ಕಪ್ಪನ ಪಟವನ್ನು ಇಳಿಸಿಬಿಡುವುದು ಇಂದಿನ ಮನೆಗಳಲ್ಲಿ ನಡೆಯುವುದಿಲ್ಲವೇ? ಅರಮನೆಯಲ್ಲಿಯೂ ಅದೇ ನಡೆಯಿತು.

ಗುಹೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪುಲಕೇಶಿ ಬಯಸಿದ್ದರೆ ಅರೆಗಂಬದ ಮೇಲಿನ ಆ ಅಕ್ಷರಗಳನ್ನು ಅರ್ಧ ದಿನದಲ್ಲಿ ಕೆತ್ತಿ ತೆಗೆಸಬಹುದಾಗಿತ್ತು. ತೆಗೆಸಲಿಲ್ಲ. ದೇವರ ದತ್ತಿಗೆ ಕೈ ಹಚ್ಚುವ ಭಯವಿದ್ದೀತು. ಆ ಅಕ್ಷರಗಳಲ್ಲಿ ತನ್ನ ತಂದೆಯ ಹೆಸರೂ, ತಂದೆಗೆ ಸಂದ ಪುಣ್ಯವೂ ಇದ್ದವು ಎಂಬುದೂ ಕಾರಣವಾಗಿದ್ದೀತು. ಅಣ್ಣನಿಗೆ ಅರ್ಪಿಸಿದ್ದರಿಂದಲೇ ತಮ್ಮನ ಹೆಸರು ಉಳಿಯಿತೆಂದು ಹೇಳಿದರೆ ಹೆಚ್ಚು ತಪ್ಪಾಗಲಾರದು. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದು ತನ್ನ ಶಾಸನವನ್ನು ಅಲ್ಲಿಯೇ ಬಂಡೆಯ ಮೇಲೆ ಕೆತ್ತಿಸಿದ. ಅವನ ಕಾಲದಲ್ಲಿಯೂ ಕಲ್ಮನೆಯ ಶಾಸನ ಉಳಿದುಕೊಂಡಿತು. ಮಹಾಕೂಟದ ಕಂಬ ಈಗ ಸ್ವಸ್ಥಾನದಲ್ಲಿಲ್ಲ. ವಿಜಯಪುರದ ಗೋಳಗುಮ್ಮಟದ ಆವರಣದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಅದನ್ನು ಕಾಣಬಹುದು.

ಕಟ್ಟಕಡೆಗೆ ಮನೆಯವರು ಮಂಗಲೇಶನನ್ನು ನೆನಪಿಸಿಕೊಂಡದ್ದು ನಾಲ್ಕು ಶತಮಾನಗಳ ನಂತರ. ರಾಷ್ಟ್ರಕೂಟರ ಆಳ್ವಿಕೆ ಮುಗಿದು ಚಾಲುಕ್ಯರ ಹೆಸರು ಮತ್ತೆ ಮೇಲೆದ್ದಿತ್ತು. ಐದನೆಯ ವಿಕ್ರಮಾದಿತ್ಯನ ಕಾಲದ, 1009ರ ಸುಮಾರಿನ ಕೌಠೇಂ ತಾಮ್ರಶಾಸನ ಹಿರಿಯರ ಕತೆಯನ್ನು ಮತ್ತೆ ಹೇಳುತ್ತದೆ. ಅದರ ಪ್ರಕಾರ ಮಂಗಲೇಶ ರಾಜ್ಯಭಾರ ಹೊತ್ತದ್ದು ಅಣ್ಣನ ಮಗ ಬಾಲಕನಾಗಿದ್ದ ಕಾರಣಕ್ಕೆ. ಹುಡುಗ ದೊಡ್ಡವನಾದ ಮೇಲೆ ರಾಜ್ಯವನ್ನು ಅವನಿಗೆ ತಾನಾಗಿಯೇ ಹಿಂತಿರುಗಿಸಿದ. ಚಾಲುಕ್ಯ ಕುಲದವನು ಧರ್ಮದ ದಾರಿ ಬಿಟ್ಟು ನಡೆಯುವುದುಂಟೇ ಎಂದು ಶಾಸನ ಹೆಮ್ಮೆಯಿಂದ ಕೇಳುತ್ತದೆ. ನಾಲ್ಕು ನೂರು ವರ್ಷಗಳಲ್ಲಿ ಅಸೂಯೆ ಕರಗಿತ್ತು, ಕಾಳಗ ಮರೆತಿತ್ತು, ಚಿಕ್ಕಪ್ಪ ಮತ್ತೆ 578ರ ಹುಣ್ಣಿಮೆಯ ತಮ್ಮನೇ ಆಗಿದ್ದ. ಆ ಕತೆಯಲ್ಲಿ ಮಂಗಲೇಶನ ಮಗನ ಪ್ರಸ್ತಾಪವೇ ಇಲ್ಲ.